ಸೀರೆಯ ಮೇಲಿನ ಕೊಬ್ಬರಿ ಎಣ್ಣೆ

ಮೊನ್ನೆಯ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಮೇಣದ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ನನ್ನ ಹೆಂಡತಿ ಅದನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಕರಗುವ ತನಕ ಪೇಪರಿನ ಪುರವಣಿ ಓದುತ್ತಿದ್ದಳು. "ಒಡದ ತುಟಿಗೆ ಛಲೋ ಅಂತ್ರೀ. ಹಿಮ್ಮಡಿಗೆ ಛಲೋ. ಕೂದಲಾ ಉದರೂದು ನಿಂದರತೈತಂತ." ಆಮೇಲೆ ನನ್ನ ನೆತ್ತಿಯನ್ನೊಮ್ಮೆ ನೋಡಿ, "ನಿಮಗ ತಡಾ ಆತ ಬಿಡ್ರಿ" ಅಂದಳು.

ನಾನೂ ನಕ್ಕೆ. ಆದರೆ ಅಷ್ಟು ಉದ್ದದ ಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅದೇ ಎಣ್ಣೆ ಒಬ್ಬ ಹೆಂಗಸನ್ನು ಮಗ್ಗದಿಂದ ಎಬ್ಬಿಸಿತ್ತು. ಎಣ್ಣೆಯ ತಪ್ಪೇನಿಲ್ಲ, ಎಬ್ಬಿಸಿದವನು ನಾನು.

ಆಕೆ ನನ್ನ ದೊಡ್ಡವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ತೀರಿಕೊಂಡಿದ್ದರಿಂದ ಬನಹಟ್ಟಿಯ ನಮ್ಮ ಮನೆಯಲ್ಲೇ ಇದ್ದಳು. ಮುಂಜಾನೆ ಓಣಿಯ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವುದು, ಮಧ್ಯಾಹ್ನ ಕುಣಿಮಗ್ಗಕ್ಕಿಳಿದು ಸೀರೆ ನೇಯುವುದು ಆಕೆಯ ಕೆಲಸ. ಅಣೆಕಟ್ಟಿನ ಹಿನ್ನೀರು ಬಂತೆಂದು ಅನಗವಾಡಿ ಕಡೆಯಿಂದ ನಮ್ಮ ಓಣಿಗೆ ಬಂದ ಒಂದು ಮನೆಯಲ್ಲಿ ಆಗ ಹಸಿಗೂಸಿತ್ತು. ದೊಡ್ಡವ್ವ ಕಾಲು ಚಾಚಿ ಅದನ್ನು ಮಲಗಿಸಿಕೊಂಡು ತಿಕ್ಕುವಾಗ ಕೂಸು ಓಣಿ ಕೇಳುವ ಹಾಗೆ ಅಳುತ್ತಿತ್ತು. "ಅಳು ಅಳು, ನಿಮ್ಮಪ್ಪನ ಮೀಸಿಗೆ ಎಣ್ಣಿ ಉಳಿಯಂಗಿಲ್ಲಂತ ಅಳಾಕತ್ತಿ ಏನ?" ಅನ್ನುತ್ತಿದ್ದಳು.

ಎಣ್ಣೆಗೂ ನೂಲಿಗೂ ಆಗಿಬರುವುದಿಲ್ಲ. ಅದಕ್ಕೇ ಮನೆಗೆ ಬಂದವಳು ಬೂದಿಯಿಂದ ಒಮ್ಮೆ, ಕಡಲೆ ಹಿಟ್ಟಿನಿಂದ ಒಮ್ಮೆ ಕೈ ತಿಕ್ಕಿ, ಕೊನೆಗೆ ಬೆರಳುಗಳನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಳು. "ವಾಸನಿ ಹೋತಂದ್ರ ಜಿಡ್ಡ ಹೋತು" ಅಂದ ಮೇಲೆಯೇ ಮಗ್ಗಕ್ಕೆ ಇಳಿಯುವುದು.

ಇನ್ನು ನನ್ನ ಕಥೆ. ಚಿಕ್ಕಂದಿನಲ್ಲೇ ಸಾಲಿ ಬಿಟ್ಟವನು ನಾನು, ಇಪ್ಪತ್ನಾಲ್ಕನೆಯ ವಯಸ್ಸಿಗೆ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿದ್ದೆ. ಅರ್ಜಿಗೆ ಫೋಟೋ ಬೇಕಿತ್ತು. ಹುಡುಗರ ನಡುವೆ ಮೀಸೆಯವನಾಗಿ ಕೂಡುವ ನಾಚಿಕೆ ನಿಮಗೆ ಹೇಗೆ ಹೇಳಲಿ? ಫೋಟೋದಲ್ಲಾದರೂ ಹುಡುಗನಂತೆ ಕಾಣೋಣವೆಂದು ಮೀಸೆ ಬೋಳಿಸಿದೆ. ತಲೆಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು, ಸಾಲಿಹುಡುಗರ ಹಾಗೆ ಕೂದಲು ಬಾಚಿದೆ. ನಮ್ಮ ಕನ್ನಡಿ ಮಗ್ಗದಾಚೆಯ ಕಂಬಕ್ಕಿತ್ತು. ಬೈತಲೆ ನೆಟ್ಟಗಿದೆಯೋ ಇಲ್ಲವೋ ನೋಡಲು ಬಗ್ಗಿದೆ. ಬಗ್ಗುವಾಗ, ದೊಡ್ಡವ್ವ ನೇಯ್ದಷ್ಟನ್ನು ಮಗ್ಗದ ಉರುಳೆಗೆ ಸುತ್ತಿದ್ದ ಸೀರೆಯ ಮೇಲೆ ಕೈ ಊರಿದೆ.

ಕೈ ಎತ್ತಿದರೆ ಅಂಗೈಯಗಲ ಕಲೆ. ಫೋಟೋ ತೆಗೆಸಲು ಹೋಗಬೇಕಿದ್ದ ಜಮಖಂಡಿಯ ಬಸ್ಸಿಗೆ ಹೊತ್ತಾಗಿತ್ತು. ದೇವರ ಜಗಲಿಯಿಂದ ವಿಭೂತಿ ತಂದು ಮೇಲೆ ತಿಕ್ಕಿ ಓಡಿದೆ. ದೊಡ್ಡವ್ವನ ಕಣ್ಣು ಆಗಲೇ ಮಂಜಾಗಿತ್ತು. ಆಕೆ ನೇಯುತ್ತ ಹೋದಳು, ಕಲೆ ಒಳಸುತ್ತಿಗೆ ಸೇರುತ್ತ ಹೋಯಿತು.

ನೂಲು ಕೊಟ್ಟು ನೇಯಿಸುತ್ತಿದ್ದ ಸಾವಕಾರರ ಪಡಸಾಲೆಯಲ್ಲಿ ಸೀರೆ ಬಿಚ್ಚಿದಾಗ ನಾನು, ಅಪ್ಪ, ಪಕ್ಕದ ಮನೆಯ ಈರಪ್ಪ ಕಾಕಾ ಇದ್ದೆವು. ಸಾವಕಾರರು ಕಲೆಯನ್ನು ಮೂಸಿದರು.

"ಕೊಬ್ಬರಿ ಎಣ್ಣಿ ವಾಸನಿ ಹೊಡ್ಯಾಕತ್ತೈತಿ. ಸೀರಿ ಉಡಾಕ ನೇದೀರೋ, ಕೂಸಿಗೆ ಹಾಸಾಕ ನೇದೀರೋ?"

ಅಪ್ಪ ನನ್ನ ಮುಖ ನೋಡಿದರು. ನಾನು ಒಂದೇ ಮಾತು ಹೇಳಿದೆ. "ದೊಡ್ಡವ್ವ ದಿನಾ ಕೂಸಿಗೆ ಎಣ್ಣಿ ಹಚ್ಚಾಕ ಹೊಕ್ಕಾಳ್ರಿ."

ಸುಳ್ಳಲ್ಲ ಅದು. ಖರೆ ಮಾತನ್ನೇ ಹೇಳಿ ಇಷ್ಟು ಕೆಟ್ಟ ಕೆಲಸ ಮಾಡಬಹುದೆಂದು ಅವತ್ತು ತಿಳಿಯಿತು.

"ಇನ್ನ ಆ ಹೆಣಮಗಳನ್ನ ಮಗ್ಗದಾಗ ಕುಂಡರಸಬ್ಯಾಡ್ರಿ" ಅಂದರು ಸಾವಕಾರರು. ಅಪ್ಪ ಮನೆಗೆ ಬಂದು ದೊಡ್ಡವ್ವನಿಗೆ ಅದನ್ನು ಹೇಳಿದರು. ಆಕೆ ಎರಡೂ ಕೈಗಳನ್ನು ಮತ್ತೆ ಮತ್ತೆ ಮೂಸಿ ನೋಡಿಕೊಂಡಳು. ಮತ್ತೆ ಮಗ್ಗ ಸಿಕ್ಕೀತೆಂದು ಕೂಸುಗಳಿಗೆ ಎರೆಯುವುದನ್ನೂ ಬಿಟ್ಟಳು. ಸಿಗಲಿಲ್ಲ. ಚರಕದ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸವೊಂದೇ ಉಳಿಯಿತು. ತನ್ನ ಕೈಗೂ ಎಣ್ಣೆ ಮುಟ್ಟಿಸುತ್ತಿರಲಿಲ್ಲ; ಚಳಿಗಾಲ ಬಂತೆಂದರೆ ಬೆರಳಿನ ಸಂದಿಗಳು ಒಡೆದು ರಕ್ತ ಬರುತ್ತಿತ್ತು. ನಾನು ಆ ಫೋಟೋ ಅಂಟಿಸಿ ಪಾಸಾದೆ, ಮುಧೋಳದಲ್ಲಿ ಗುಮಾಸ್ತನಾದೆ. ಹಬ್ಬಕ್ಕೆ ಹೋದಾಗ ಆಕೆಯ ಕಾಲು ಮುಟ್ಟುತ್ತಿದ್ದೆ, ಕೈ ಮಾತ್ರ ನೋಡುತ್ತಿರಲಿಲ್ಲ.

ಮೊನ್ನೆ ಅರ್ಧ ಕರಗಿದ ಆ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಂಡು ಬನಹಟ್ಟಿಯ ಬಸ್ಸು ಹತ್ತಿದೆ.

ದೊಡ್ಡವ್ವ ಬಿಸಿಲಿಗೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನಿಂತೇ ಹೇಳಿಬಿಟ್ಟೆ. "ದೊಡ್ಡವ್ವಾ, ಸೀರಿ ಮ್ಯಾಲಿನ ಆ ಕಲಿ ನಂದು. ಫೋಟೋಕ್ಕ ಹೊಂಟಾಗ ಎಣ್ಣಿ ಕೈ ಊರಿದ್ದೆ."

ಯಾವ ಸೀರೆ ಎಂದು ಆಕೆ ಕೇಳಲಿಲ್ಲ. ಚರಕ ನಿಂತಿತು.

"ಇಷ್ಟ ವರ್ಷ ನಾ ನನ್ನ ಕೈಗೆ ಬೈಕೋಂತ ಬಂದ್ನಲ್ಲಲೇ."

"ತಪ್ಪಾತಬೇ."

"ನನಗ ಹೇಳಿದ್ರ ಏನಾತು? ಅವತ್ತ ಕೇಳಿದವರಿಗೆ ಹೇಳ ಹೋಗು."

ಅಪ್ಪನೂ ಇಲ್ಲ, ಸಾವಕಾರರೂ ಇಲ್ಲ. ಉಳಿದವರು ಈರಪ್ಪ ಕಾಕಾ. ಪಕ್ಕದ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಪೂರಾ ಕೇಳಿದರು. "ಯಾವ ಸೀರಿಲೇ ತಮ್ಮಾ? ನನಗೇನ ನೆನಪಿಲ್ಲ. ಇದರ ಸಲುವಾಗಿ ಮುಧೋಳದಿಂದ ಬಂದೀಯೇನ?"

ತಿರುಗಿ ಬಂದೆ. "ಏನಂದ?" ಅಂದಳು ದೊಡ್ಡವ್ವ. ಈ ಸಲ ಸುಳ್ಳೇ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ನೆನಪಿಲ್ಲಂತ."

ಆಕೆ ಹೇಳಿದಳು. "ನನಗ ಐತಿ."

ನಾನು ಚೀಲದಿಂದ ಬಾಟಲಿ ತೆಗೆದೆ. ಎಣ್ಣೆ ಪೂರ್ತಿ ಕರಗಿತ್ತು. ಅಂಗೈಗೆ ಹಾಕಿಕೊಂಡು ಆಕೆಯ ಮುಂದೆ ಕೂತೆ. ದೊಡ್ಡವ್ವ ಎಡಗೈಯನ್ನಷ್ಟೇ ಚಾಚಿದಳು. ಬಲಗೈಗೆ ಕೈ ಹಾಕಿದರೆ ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

"ಅದಕ್ಕ ಬ್ಯಾಡ. ಅದು ನೂಲ ಹಿಡ್ಯೂ ಕೈ."