ವಾರಗಿತ್ತಿಯ ಕೋಶಗಳು ಸಾಯಲಿಲ್ಲ

ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವುದರಲ್ಲಿ ಹಿರಿಸೊಸೆಯದು ಪಳಗಿದ ಕೈ. ಮೈದುನನ ಹೆಂಡತಿಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ವರ್ಷ ತುಂಬುವಷ್ಟರಲ್ಲಿ ಕಿರಿಯವಳು ಮೇಲಧಿಕಾರಿಯ ಕಣ್ಮಣಿಯಾಗಿಬಿಟ್ಟಳು. ಹಿರಿಯವಳು ಮುಖಕ್ಕೊಂದು ನಗು ಅಂಟಿಸಿಕೊಂಡು ಒಳಗೊಳಗೇ ಕುದಿಯುತ್ತಿದ್ದಳು.

ಆಗ ಇಬ್ಬರೂ ಒಂದೇ ಜಾತಿಯ ಕೋಶಗಳು ಎಷ್ಟು ಬಿಸಿ ತಾಳುತ್ತವೆಂದು ನೋಡುತ್ತಿದ್ದರು. ಕೋಶದೊಳಗಿನ ಪ್ರೋಟೀನು ಸರಿಯಾಗಿ ಮಡಚಿಕೊಂಡಿದ್ದರಷ್ಟೇ ಅದರ ಕೆಲಸ ಸಾಗುತ್ತದೆ. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ಕೋಶ ಸಾಯುತ್ತದೆ.

ಒಂದು ಸಂಜೆ ಕಿರಿಯವಳ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಕೊಂಚ ಹೆಚ್ಚೇ ಕಾದಿರುವುದು ಹಿರಿಯವಳ ಕಣ್ಣಿಗೆ ಬಿತ್ತು. ಕೂಗಿ ಹೇಳಬೇಕೆನ್ನುವಷ್ಟರಲ್ಲಿ ಪಕ್ಕದ ಕೋಣೆಯಿಂದ ಮೇಲಧಿಕಾರಿ ಕಿರಿಯವಳನ್ನು ಹೊಗಳುವುದು ಕೇಳಿಸಿತು. ಬಾಯಿ ಮುಚ್ಚಿಕೊಂಡಳು. ಆಮೇಲೆ ಮನಸ್ಸು ಚುಚ್ಚಿ, ತಾನೇ ಅದನ್ನು ಸರಿಮಾಡಿ, ಯಾರಿಗೂ ಹೇಳದೆ ಮನೆಗೆ ಹೊರಟಳು.

ಮಾರನೆಯ ದಿನ ಇಬ್ಬರ ಕೋಶಗಳನ್ನೂ ಜೋರು ಬಿಸಿಗೆ ಒಡ್ಡಿದರು. ಹಿರಿಯವಳವು ಬಹುಪಾಲು ಸತ್ತವು. ಕಿರಿಯವಳವು ಬದುಕಿಕೊಂಡವು!

"ಅದೇನು ಕೈಗುಣವಮ್ಮ ನಿಂದು!" ಎಂದರು ಮೇಲಧಿಕಾರಿ. ಹಿರಿಯವಳ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಆದರೆ ಕಿರಿಯವಳು ಮತ್ತೆ ಮತ್ತೆ ಮಾಡಿದರೂ ಆ ಫಲ ಸಿಗಲಿಲ್ಲ. "ಅಕ್ಕ, ನಾನು ಸುಳ್ಳು ಹೇಳಿದೆ ಅಂದ್ಕೊಂಡಿದಾರೆ," ಎಂದು ಕೈ ತೊಳೆಯುವ ತೊಟ್ಟಿಯ ಬಳಿ ನಿಂತು ಅತ್ತಳು. ಹಿರಿಯವಳಿಗೆ ಒಂದು ಗಳಿಗೆ ಹೊಟ್ಟೆ ತಣ್ಣಗಾಯಿತು. ಮರುಗಳಿಗೆಯೇ ಕಾರಣ ಹೊಳೆಯಿತು. ಗುಟ್ಟಾಗಿ ತಾನೇ ಆ ಪ್ರಯೋಗ ಮಾಡಿ ಹೆಸರು ಹೊಡೆಯಬಹುದಿತ್ತು. ಆದರೆ ಆ ಅಳುವ ಮುಖದೆದುರು ಅದಕ್ಕೆ ಮನಸ್ಸು ಬರಲಿಲ್ಲ.

"ಅವತ್ತು ನಿನ್ನ ಕೋಶಗಳು ಬದುಕಿದವಲ್ಲ, ಅದರ ಹಿಂದಿನ ಸಂಜೆ ನಿನ್ನ ಇನ್‌ಕ್ಯುಬೇಟರ್ ಕಾದಿತ್ತು. ನೋಡಿಯೂ ಹೇಳಲಿಲ್ಲ."

"ಯಾಕಕ್ಕ?"

"ಹೊಟ್ಟೆಕಿಚ್ಚು ಕಣೇ. ಇನ್ನೇನು?"

ಕಿರಿಯವಳು ಕೆಲವು ದಿನ ಮಾತು ಬಿಟ್ಟಳು. ಕೊನೆಗೊಮ್ಮೆ ತಾನೇ ಬಂದು, "ಎಷ್ಟು ಬಿಸಿ ಇತ್ತು, ಹೇಳು," ಎಂದಳು. ಇಬ್ಬರೂ ಸೇರಿ ಮೊದಲು ಹದವಾಗಿ ಬೆಚ್ಚಗೆ ಮಾಡಿ, ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲೆ ಜೋರು ಬಿಸಿ ಕೊಟ್ಟರು. ಸಣ್ಣ ಬಿಸಿಗೆ ಎಚ್ಚೆತ್ತ ಕೋಶಗಳು ಕಾವಲು ಪ್ರೋಟೀನುಗಳನ್ನು ಮಾಡಿಕೊಂಡಿದ್ದವು; ಅವು ಉಳಿದ ಪ್ರೋಟೀನುಗಳ ಆಕಾರ ಕೆಡದಂತೆ ಹಿಡಿದುಕೊಂಡವು. ಕೋಶಗಳು ಉಳಿದವು.

ಮನೆಯಲ್ಲಿ ಕಿರಿಯವಳು, "ದಾರಿ ತೋರಿಸಿದ್ದು ಅಕ್ಕನೇ, ಅತ್ತೆ," ಎಂದಳು.

ಅತ್ತೆ ಅವಳ ತಲೆ ಸವರಿ, "ಎಲ್ಲಾ ಅವಳದೇ ಅಂತೀಯಲ್ಲ, ಎಂಥಾ ದೊಡ್ಡ ಮನಸ್ಸೇ ನಿಂದು!" ಎಂದರು.

ಹಿರಿಯವಳು ಎದ್ದು ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.