ಮೀನಿನ ಜಾಗದಲ್ಲಿ ತಂಬಾಕಿನ ಡಬ್ಬಿ

ಗೆಳೆಯರೇ, ನಾನು ಮಾಡುವ ಮೊಬೈಲ್ ಫೋನಲ್ಲ, ಗಾಳಿಗೆ ತಿರುಗುವ ತೂಗುಶಿಲ್ಪ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಲಾಬಿಗೆಂದು ನಾಲ್ಕು ತಿಂಗಳು ಕೂತು ಹನ್ನೊಂದು ಅಲ್ಯೂಮಿನಿಯಂ ಮೀನುಗಳ ಒಂದು ಮೊಬೈಲ್ ಮಾಡಿದ್ದೆ. ಇಂದು ಬೆಳಿಗ್ಗೆ ಅಂಬರನಾಥದ ವರ್ಕ್‌ಶಾಪಿನಿಂದ ತಂದು ಟೆಂಪೊದಿಂದ ಇಳಿಸುವಾಗ ಒಂದು ಮೀನು ಕಳಚಿ ಗಟಾರಕ್ಕೆ ಬಿದ್ದು ಕೊಚ್ಚಿಹೋಯಿತು. ಉಳಿದದ್ದನ್ನು ತೂಗಿಹಾಕಿದರೆ ಇಡೀ ಶಿಲ್ಪ ಒಂದು ಕಡೆಗೆ ವಾಲಿತು. ಉದ್ಘಾಟನೆಗೆ ಅರ್ಧ ಗಂಟೆಯಿತ್ತು. ನನಗೆ ಅಳುವೇ ಬಂತು.

“ಅಸೂ ದ್ಯಾ, ಇರಲಿ ಬಿಡಿ, ಮಾಡರ್ನ್ ಆರ್ಟ್ ಅಂದರಾಯಿತು,” ಎಂದು ಸೊಸೈಟಿಯ ಮರಾಠಿ ಸೆಕ್ರೆಟರಿ ಸಮಾಧಾನ ಹೇಳಿದರು.

ಸಾಮಾನು ಇಳಿಸಿದ ವಿಜಯಪುರದ ಹಮಾಲ ಮಲ್ಲಪ್ಪನವರು ಒಪ್ಪಲಿಲ್ಲ. “ಅಕ್ಕಾರ, ಅಲ್ಲಿ ಮೀನ ಯಾಕ ಬೇಕ್ರಿ? ಅಷ್ಟ ವಜ್ಜಾ, ಅಷ್ಟ ಭಾರ ಇದ್ರ ಸಾಕಲ್ರಿ. ಆ ಮೀನ ಇಳಸುವಾಗ ನಾನ ಕೈಯಾಗ ಹಿಡದಿದ್ದೆ, ವಜ್ಜಾ ಗೊತ್ತದ,” ಎಂದವರೇ ಕಿಸೆಯಿಂದ ತಂಬಾಕಿನ ಡಬ್ಬಿ ತೆಗೆದು ಅಲ್ಲಿ ಕಟ್ಟಿದರು. ದಾರವನ್ನು ಎರಡು ಬೆರಳು ಒಳಗೆ ಸರಿಸಿದರು. ಶಿಲ್ಪ ಸಮವಾಗಿ ನಿಂತು, ಗೇಟಿನ ಗಾಳಿಗೆ ಮೆಲ್ಲಗೆ ತಿರುಗತೊಡಗಿತು.

“ಪಣ್, ಆದರೆ ತಂಬಾಕು ನಮ್ಮ ಸೊಸೈಟಿಯಲ್ಲಿ ಬಂದ್ ಇದೆ,” ಅಂದರು ಸೆಕ್ರೆಟರಿ.

ಮಲ್ಲಪ್ಪನವರು ತಂಬಾಕನ್ನು ಕರವಸ್ತ್ರಕ್ಕೆ ಸುರಿದುಕೊಂಡು, ಕೈಯಲ್ಲೇ ತೂಗಿ ನೋಡುತ್ತ ಡಬ್ಬಿಗೆ ಹೂಕುಂಡದ ಮಣ್ಣು ತುಂಬಿ ಮತ್ತೆ ಕಟ್ಟಿದರು.

ಮುಖ್ಯ ಅತಿಥಿಗಳು ನನ್ನ ಹತ್ತು ಮೀನುಗಳನ್ನು ಬಿಟ್ಟು ಆ ಡಬ್ಬಿಯ ಕೆಳಗೇ ಬಹಳ ಹೊತ್ತು ನಿಂತರು. “ಇದರ ಅರ್ಥವೇನು?” ಎಂದು ಕೇಳಿದರು. ಅದನ್ನು ಹೇಳಬೇಕಾದವರು ಇನ್ನೊಂದು ಟೆಂಪೊ ಖಾಲಿ ಮಾಡಲು ಶಹಾಡ್‌ಗೆ ಹೋಗಿದ್ದಾರೆ ಅಂದೆ.