ವಿಮಲತ್ತೆಯ ಎಣ್ಣೆಮುಖ

ಬೀರು ತೆಗೆದರೆ ಸಾಕು, ನುಸಿ ಗುಳಿಗೆಯ ಘಾಟನ್ನೂ ಮೀರಿಕೊಂಡು ಹಳೇ ಕೊಬ್ಬರಿ ಎಣ್ಣೆಯ ಕಮಟು ಮೂಗಿಗೆ ಬರುತ್ತದೆ. ಸೀರೆಗಳ ಮೇಲೆ ಅಂಗೈ ಅಗಲಕ್ಕೆ ಮಡಚಿಟ್ಟ ಒಂದು ಮೆರೂನ್ ರವಿಕೆ ಕಣದ ತುಂಡಿದೆ, ಅದರ ನಡುವೆ ದುಂಡನೆಯ ಎಣ್ಣೆ ಕಲೆ. "ಥೂ, ಇದನ್ನ ಒಗೆದಾದ್ರೂ ಇಡಮ್ಮ" ಎಂದು ನನ್ನ ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ ಬಿಡಿ, ಎಸೆಯಲೂ ಆಗದ, ಯಾಕೆ ಇಟ್ಟುಕೊಂಡಿದ್ದೀರೆಂದು ಒಂದೇ ಮಾತಲ್ಲಿ ಹೇಳಲೂ ಬಾರದ ವಸ್ತು. ನನಗಂತೂ ಅದನ್ನು ಮೂಸಿದ ಕೂಡಲೇ ಹೆಬ್ಬೂರಿನ ನಮ್ಮ ನಡುಮನೆ, ಮೊಳೆಗೆ ತೂಗುಹಾಕಿದ್ದ ಕನ್ನಡಿ, ಅದರ ಮುಂದೆ ನಿಂತು ತನ್ನ ಮೂಗಿನ ಜೊತೆ ತಾನೇ ಜಗಳವಾಡುತ್ತಿದ್ದ ವಿಮಲತ್ತೆ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ.

ವಿಮಲತ್ತೆ ನನ್ನಪ್ಪನ ತಂಗಿ. ತೊಂಬತ್ತರ ದಶಕದ ಮಾತು. ನಾನಾಗ ನಾಲ್ಕನೇ ಕ್ಲಾಸು. ಅತ್ತೆ ದಿನಾ ಬೆಳಿಗ್ಗೆ ಬಸ್ಸು ಹತ್ತಿ ತುಮಕೂರಿನ ಒಂದು ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಂದಗಾತಿಯೇ, ಆದರೆ ದೇವರು ಅವಳ ಮುಖದೊಳಗೆ ಒಂದು ಗಾಣ ಇಟ್ಟುಬಿಟ್ಟಿದ್ದ. ಮನೆಯಲ್ಲಿ ಹಚ್ಚಿದ ಪೌಡರು ಗೂಳೂರು ದಾಟುವಷ್ಟರಲ್ಲಿ ಮೂಗಿನ ಮೇಲೆ ಗಂಟುಗಂಟಾಗಿ, ಹಣೆಯ ಸ್ಟಿಕ್ಕರು ಜಾರಿ ಹುಬ್ಬಿಗೆ ಬಂದು ಕೂತಿರುತ್ತಿತ್ತು. ಅಜ್ಜಿಗೆ ಈ ಸಂಕಟವೇ ಅರ್ಥವಾಗುತ್ತಿರಲಿಲ್ಲ. ಮನೆಯ ಕೊಬ್ಬರಿ ಆಡಿಸಿ ತಂದ ಎಣ್ಣೆ ಅವಳಿಗೆ ಸಕಲ ರೋಗಕ್ಕೂ ಮದ್ದು. ಕೈಗೆ ಸಿಕ್ಕವರ ತಲೆಗೆಲ್ಲ ತಟ್ಟಿ, ಮಿಕ್ಕಿದ್ದನ್ನು ಅವರ ಕೆನ್ನೆಗೇ ಒರೆಸುತ್ತಿದ್ದಳು. "ಮೊಕ ಅಂದ್ರೆ ದೀಪ ಇದ್ದಂಗಿರ್ಬೇಕು ಕಣೇ. ಎಣ್ಣೆ ಇಲ್ದೆ ದೀಪ ಉರೀತದಾ?" ಎನ್ನುವಳು ಅಜ್ಜಿ. "ದೀಪ ಗುಡೀಲಿರ್ಲಿ ಬುಡವ್ವ, ನಾನು ಅಂಗ್ಡೀಲಿ ನಿಂತ್ಕೋಬೇಕು" ಎನ್ನುವಳು ಅತ್ತೆ. ಹೀಗೆ ನಮ್ಮ ಮನೆ ಎಣ್ಣೆಯ ಪಕ್ಷ, ಪೌಡರಿನ ಪಕ್ಷ ಎಂದು ಎರಡಾಗಿತ್ತು. ನಾನು ಪೌಡರಿನ ಪಕ್ಷ.

ಅಂಗಡಿಯಲ್ಲಿ ಅತ್ತೆಗೆ ಮಹಡಿಯ ಮೇಲೆ ಲಂಗದ ಬಟ್ಟೆ, ರವಿಕೆ ಕಣ ಮಡಚುವ ಕೆಲಸ. ರೇಷ್ಮೆ ಸೀರೆಗಳೆಲ್ಲ ಕೆಳಗೆ. ಅಲ್ಲಿ ನಿಲ್ಲುವ ಹುಡುಗಿ ಗಿರಾಕಿ ಕೇಳಿದ ಸೀರೆಯ ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ತೋರಿಸಬೇಕು. ಜನ್ಮದಲ್ಲಿ ಒಂದೂ ರೇಷ್ಮೆ ಸೀರೆ ಉಟ್ಟಿರದ ಅತ್ತೆಗೆ ಆ ಜಾಗವೇ ಬೇಕಿತ್ತು. "ದಿನಾ ನೂರು ರೇಷ್ಮೆ ಸೀರೆ ಮೈಮೇಲೆ ಹಾಕ್ಕೊಂಡು ನಿಂತ್ಕೊಳೋದು ಅಂದ್ರೆ ಸುಮ್ನೇನಾ ಪುಟ್ಟಿ?" ಎನ್ನುವಾಗ ಅವಳ ಕಣ್ಣುಗಳು ಮೂಗಿಗಿಂತ ಹೆಚ್ಚು ಹೊಳೆಯುತ್ತಿದ್ದವು. ಆದರೆ ಸೆರಗು ಕೆನ್ನೆಗೆ ತಾಕುತ್ತದಲ್ಲ! ರೇಷ್ಮೆಗೆ ಎಣ್ಣೆಯೋ ಪೌಡರೋ ಅಂಟಿದರೆ ಆ ಸೀರೆಯನ್ನು ಯಾರು ಕೊಳ್ಳುತ್ತಾರೆ? ಎರಡು ವರ್ಷ ಗೋಗರೆದ ಮೇಲೆ ಅಂಗಡಿಯ ಯಜಮಾನಿ, ಎಲ್ಲರೂ ಅಮ್ಮಾವ್ರು ಎಂದು ಕರೆಯುತ್ತಿದ್ದವರು, ಒಂದು ಅವಕಾಶ ಕೊಟ್ಟರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆಳಗೆ ನಿಲ್ಲಬೇಕು. ಸಂಜೆವರೆಗೆ ಒಂದು ಸೀರೆಗೂ ಕಲೆಯಾಗದಿದ್ದರೆ ಆ ಜಾಗ ಅವಳದು. ಕಲೆಯಾಯಿತೋ, ಮಹಡಿ ಇಳಿಯುವ ಮಾತನ್ನು ಮತ್ತೆ ಎತ್ತಬಾರದು.

ಆ ಒಂದು ತಿಂಗಳು ನಮ್ಮ ಮನೆಯಲ್ಲಿ ನಡೆದ ಪ್ರಯೋಗಗಳು ಒಂದೆರಡಲ್ಲ. ಕಡಲೆ ಹಿಟ್ಟಿನಲ್ಲಿ ಮುಖ ತೊಳೆದು, ಮಡಕೆಯ ತಣ್ಣೀರು ಎರಚಿಕೊಂಡು, ಹಳೇ ಪಂಚೆಯ ತುಂಡಿನಿಂದ ತೇವ ತೆಗೆದು, ಕಾಲು ಗಂಟೆ ಸುಮ್ಮನೆ ಕೂರುವುದು. ಆಮೇಲೆ ಪೌಡರನ್ನು ತೆಳ್ಳಗೆ ಒತ್ತಿ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ತೆಗೆದು, ಆರಿದ ಮೇಲೆ ಇನ್ನೊಮ್ಮೆ ಒತ್ತುವುದು. "ಉಜ್ಜಿದ್ರೆ ಎಣ್ಣೆ ಎದ್ಬತ್ತದೆ, ಒತ್ತಿದ್ರೆ ಮಲಗ್ತದೆ" ಎನ್ನುವುದು ಅತ್ತೆ ತಾನೇ ಕಂಡುಕೊಂಡ ಸತ್ಯ. ಹಗಲಲ್ಲಿ ಜಿಡ್ಡು ಎದ್ದರೆ ಬಸ್ಸಿನ ಟಿಕೆಟ್ಟು. ಆ ಕಾಲದ ತೆಳು ಕಾಗದದ ಟಿಕೆಟ್ಟು ಎಣ್ಣೆ ಹೀರುವುದರಲ್ಲಿ ಎತ್ತಿದ ಕೈ. ಒಮ್ಮೆ ಚೆಕಿಂಗಿನವರು ಹತ್ತಿ ಟಿಕೆಟ್ ಕೇಳಿದಾಗ ಅತ್ತೆ ಕೊಟ್ಟ ಟಿಕೆಟ್ಟಿನಲ್ಲಿ ಅಕ್ಷರದ ಬದಲು ಆಚೆ ನಿಂತ ಕಂಡಕ್ಟರೇ ಕಾಣಿಸಿದನಂತೆ. ಇಷ್ಟೆಲ್ಲಕ್ಕೂ ಪರೀಕ್ಷಕಿ ನಾನು. ಸಂಜೆ ಅತ್ತೆ ಬಂದ ಕೂಡಲೇ ಈ ಮೆರೂನ್ ತುಂಡನ್ನು ಅವಳ ಕೆನ್ನೆಗೆ ಒತ್ತಿ ಬೆಳಕಿಗೆ ಹಿಡಿಯಬೇಕು. ಬೆಳ್ಳಗೆ ಕಂಡರೆ ಪೌಡರು, ಕಪ್ಪಗೆ ಕಂಡರೆ ಎಣ್ಣೆ. "ಪಾಸಾ, ಫೇಲಾ?" ಎಂದು ಉಸಿರು ಬಿಗಿಹಿಡಿದು ಕೇಳುವಳು. ನಾನು ಹೆಡ್‌ಮೇಷ್ಟ್ರ ಗತ್ತಿನಲ್ಲಿ ಬೇಕಂತಲೇ ತಡಮಾಡುತ್ತಿದ್ದೆ. ಕೊನೆಯ ವಾರವಿಡೀ ಪಾಸು.

ಆ ದಿನ ಬಂತು. ನನ್ನ ಹಠಕ್ಕೆ ಸೋತು ಅತ್ತೆ ನನ್ನನ್ನೂ ಹೊರಡಿಸಿದ್ದಳು. ಅಷ್ಟು ಹೊತ್ತು ಕೂತು ಒತ್ತಿಕೊಂಡ ಮುಖ ಹೊತ್ತು ಹೊಸ್ತಿಲ ಬಳಿ ಚಪ್ಪಲಿಗೆ ಬಗ್ಗಿದ್ದೇ ತಡ, ಹಿಂದಿನಿಂದ ಬಂದ ಅಜ್ಜಿ ಅಂಗೈ ತುಂಬ ಎಣ್ಣೆಯನ್ನು ಅವಳ ನೆತ್ತಿಗೆ ಸುರಿದು ಪಟಪಟ ತಟ್ಟಿಬಿಟ್ಟಳು! "ಒಳ್ಳೆ ಕೆಲ್ಸಕ್ಕೆ ಹೊಂಟಿದೀಯ ವಿಮ್ಲಾ, ಒಣಾ ನೆತ್ತೀಲಿ ಹೋಗ್ಬ್ಯಾಡ. ತಣ್ಣಗಿರು ಮಗಾ." ಅಜ್ಜಿಯ ಕಣ್ಣಲ್ಲಿ ನೀರಿತ್ತು. ಇನ್ನು ಬೈಯುವುದು ಹೇಗೆ? ಅತ್ತೆ ಅವಳ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕೈ ಹಿಡಿದು ಬಸ್ ಸ್ಟಾಪಿಗೆ ಓಡಿದಳು. ಎಣ್ಣೆ ಬೈತಲೆಯಿಂದ ಹಣೆಗೆ ಇಳಿಯುತ್ತಿತ್ತು. "ಮುಗೀತು ಕಣೇ ಪುಟ್ಟಿ ನನ್ ಕತೆ" ಎಂದಳು. ಅತ್ತರೆ ಪೌಡರು ಹೋದೀತೆಂದು ಅಳಲೂ ಹೆದರಿಕೆ ಅವಳಿಗೆ. ಅಷ್ಟರಲ್ಲಿ ಪಕ್ಕದ ಹಿಟ್ಟಿನ ಮಿಲ್ಲು ಗಡಗಡ ಎಂದು ಶುರುವಾಯಿತು. ಅತ್ತೆ ನೆಟ್ಟಗೆ ಒಳಗೆ ನುಗ್ಗಿ, "ರಂಗಣ್ಣ, ಒಂದಿಡಿ ರಾಗಿ ಹಿಟ್ಟು ಕೊಡು, ಬೇಗ" ಎಂದಳು. "ಇದೇನವ್ವ, ಇಷ್ಟೊತ್ನಲ್ಲಿ ಮುದ್ದೆಗಾ?" ಎಂದ ಮಿಲ್ಲಿನ ರಂಗಣ್ಣ. "ತಲೆಗೆ!" ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಅತ್ತೆ ಬೆಚ್ಚನೆಯ ಹಿಟ್ಟನ್ನು ಬುರುಡೆಗೆ ಒತ್ತಿ ಒತ್ತಿ, ತಲೆ ಬಗ್ಗಿಸಿ ಬಾಚಿದಳು. ಹಿಟ್ಟು ಎಣ್ಣೆ ಕುಡಿದು ಉದುರಿತು. ಮಿಕ್ಕಿದ್ದು ಕೂದಲ ಕಪ್ಪಿನಲ್ಲಿ ಕಾಣಲೂ ಇಲ್ಲ. ಬಸ್ಸಿನಲ್ಲಿ ಹಣೆಗೆ ಟಿಕೆಟ್ಟು ಒತ್ತಿ, ಮೇಲೆ ಪೌಡರು ಒತ್ತಿದಳು. ಹಿಂದಿನ ಸೀಟಿನ ಹೆಂಗಸು "ಯಾರೋ ಬಿಸಿ ಮುದ್ದೆ ತಂದವ್ರೆ ಕಣಮ್ಮ" ಎಂದು ಮೂಗರಳಿಸಿದಾಗ ನಾವಿಬ್ಬರೂ ಕಿಟಕಿಯಾಚೆ ನೋಡುತ್ತ ಕೂತೆವು.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಬಿಳಿ ಗಾದಿಯ ಮೂಲೆಯಲ್ಲಿ ಕೂತು ಅತ್ತೆಯ ಕೆನ್ನೆಯನ್ನೇ ನೋಡುತ್ತಿದ್ದೆ. ಗಿಳಿಹಸಿರು, ಬದನೆ ಬಣ್ಣ, ದಾಳಿಂಬೆ ಕೆಂಪು, ಒಂದಾದ ಮೇಲೊಂದು ಸೆರಗು ಅವಳ ಹೆಗಲೇರಿ ಇಳಿಯಿತು. ಒಂದೊಂದಕ್ಕೂ ಅವಳು ಬೇರೆ ಬೇರೆ ಹೆಣ್ಣೇ ಆಗುತ್ತಿದ್ದಳು. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ನನ್ನ ಎದೆಯೂ ನಿಂತಂತಾಯಿತು. ಸೀರೆ ಡಬ್ಬದ ರಟ್ಟು ಹಿಡಿದು ಕೈ ಬಿದ್ದುಹೋಗುವವರೆಗೆ ಗಾಳಿ ಹಾಕಿದೆ. ಬಿಡುವು ಸಿಕ್ಕಾಗಲೆಲ್ಲ ಅತ್ತೆ ಕಂಬದ ಮರೆಗೆ ತಿರುಗಿ ಟಿಕೆಟ್ಟು ಒತ್ತಿಕೊಳ್ಳುತ್ತಿದ್ದಳು. ಸಂಜೆ ಅಮ್ಮಾವ್ರು ಕೊನೆಯದಾಗಿ ಒಂದು ಬೆಣ್ಣೆ ಬಣ್ಣದ ಸೀರೆಯನ್ನು ಅವಳ ಹೆಗಲಿಂದ ತೆಗೆದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಮೂಸಿದರು. "ಕಲೆ ಏನೂ ಇಲ್ಲ. ಆದ್ರೆ ಅದೇನಮ್ಮ, ರಾಗಿ ವಾಸ್ನೆ ಬರ್ತಿದೆ?" ಅತ್ತೆ ಬೆವರದೇ ನಿಂತಳು. "ನಾವು ಹೆಬ್ಬೂರ್ನೋರು ಅಮ್ಮಾವ್ರೇ" ಎಂದಳು. ಅವರು ನಕ್ಕುಬಿಟ್ಟರು. "ಸರಿ, ಹಬ್ಬ ಮುಗಿಸ್ಕೊಂಡು ಕೆಳಗಡೇನೇ ಬಾ."

ಮನೆಯಲ್ಲಿ ಸುದ್ದಿ ಕೇಳಿ ಅಜ್ಜಿ ಹೆಮ್ಮೆಯಿಂದ ಎಣ್ಣೆ ಗಿಂಡಿ ಎತ್ತಿ ತೋರಿಸಿದಳು. "ನಾ ನೆತ್ತಿಗೆ ತಟ್ಟಿದ್ದಕ್ಕೇ ಆಗಿದ್ದು ನೋಡು!" ಅತ್ತೆ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಆಮೇಲೆ ನಾವು ನಕ್ಕ ನಗುವಿಗೆ ಅತ್ತೆಯ ಇಡೀ ದಿನದ ಪೌಡರು ಕಣ್ಣೀರಲ್ಲಿ ಕೊಚ್ಚಿಹೋಯಿತು. ರಾಗಿ ಹಿಟ್ಟಿನ ವಿಷಯ ಅಜ್ಜಿಗೆ ಕೊನೆವರೆಗೂ ನಾವು ಹೇಳಲಿಲ್ಲ.

ಅತ್ತೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ರೇಷ್ಮೆ ಸೀರೆಗಳ ನಡುವೆ ನಿಂತಳು. ಅಷ್ಟರಲ್ಲಿ ಅಜ್ಜಿ ಹೋದಳು, ಹೆಬ್ಬೂರಿನ ಮನೆ ಬೇರೆಯವರದಾಯಿತು. ಮುಂದೆ ಅತ್ತೆ ಕಾಯಿಲೆ ಬಿದ್ದಾಗ ಸದಾಶಿವನಗರದ ನನ್ನ ಮನೆಗೇ ಕರೆತಂದೆ. ಅದು ಅವಳ ಕೊನೆಯ ಶ್ರಾವಣ. ಔಷಧಿಯ ಕಾವಿಗೆ, ಗಾಣವಿದ್ದ ಆ ಮುಖ ಒಣಗಿ ಸಿಪ್ಪೆ ಏಳುತ್ತಿತ್ತು. ಒಂದು ಬೆಳಿಗ್ಗೆ ಅವಳೇ, "ಒಂಚೂರು ಕೊಬ್ರಿ ಎಣ್ಣೆ ಹಚ್ಚೇ ಪುಟ್ಟಿ" ಎಂದಳು. ಬೆಚ್ಚಗೆ ಮಾಡಿ ತಂದು ಹಚ್ಚತೊಡಗಿದೆ. "ಉಜ್ಬೇಡ ಕಣೇ, ಒತ್ತು" ಎಂದಳು. ಆಮೇಲೆ ದಿಂಬಿನ ಕೆಳಗೆ ಕೈಯಾಡಿಸಿ ಈ ಮೆರೂನ್ ತುಂಡನ್ನು ತೆಗೆದು ನನ್ನ ಕೈಗಿಟ್ಟಳು. ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಕೆನ್ನೆಗೆ ಒತ್ತಿ ಬೆಳಕಿಗೆ ಹಿಡಿದೆ.

"ಪಾಸಾ, ಫೇಲಾ?"

"ಫೇಲು ಅತ್ತೆ" ಎಂದೆ.

ಅವಳು ಕನ್ನಡಿ ಕೇಳಿ, ಹೊಳೆಯುತ್ತಿದ್ದ ತನ್ನ ಕೆನ್ನೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಹಳೆಯ ವಿಮಲತ್ತೆಯ ಹಾಗೇ ಬಾಯಿತುಂಬ ನಕ್ಕಳು. "ಅವ್ವಾನೇ ಗೆದ್ಲು ಬುಡು. ಒರೆಸ್ಬೇಡ ಪುಟ್ಟಿ, ಹಂಗೇ ಇರ್ಲಿ."

ಅದಕ್ಕೇ ಮಗಳೇ, ಆ ಬಟ್ಟೆಯನ್ನು ನಾನು ಒಗೆದಿಲ್ಲ.